ಗುಡ್ಡಾಪುರದ ಮಕ್ಕಳ ಮೌನ

ಹಳ್ಳಿಯ ಪ್ರೌಢಶಾಲಾ ಮಕ್ಕಳು ಹಿಂಜರಿಯುತ್ತಾರೆ, ಪೇಟೆಯ ಮಕ್ಕಳು ಮುನ್ನುಗ್ಗುತ್ತಾರೆ ಎಂಬ ಮಾತನ್ನು ನಾವು ಸುಲಭವಾಗಿ ಆಡಿಬಿಡುತ್ತೇವೆ. ದಾನಮ್ಮ ದೇವಿಯ ಕ್ಷೇತ್ರವಾದ, ಮಹಾರಾಷ್ಟ್ರದ ಜತ್ತ ತಾಲ್ಲೂಕಿನ ಗುಡ್ಡಾಪುರದ ಸುತ್ತ ನೋಡಿದರೆ ಇದು ಸ್ವಭಾವದ ಮಾತಲ್ಲ, ಸಿಕ್ಕ ಅವಕಾಶದ ಮಾತು. ಮನೆಯಲ್ಲಿ ಕನ್ನಡ, ತಹಶೀಲ್ದಾರ್ ಕಚೇರಿಯಲ್ಲಿ ಮರಾಠಿ, ಮುಂದಿನ ಓದಿಗೆ ಇಂಗ್ಲಿಷ್. ಮೂರು ಭಾಷೆಗಳನ್ನು ಹೊತ್ತು ನಡೆಯುವ ಹುಡುಗಿ ಸಾಂಗ್ಲಿಯ ಕಾಲೇಜಿನಲ್ಲಿ ಬಾಯಿ ಬಿಡದಿದ್ದರೆ ಅವಳಿಗೆ ತಿಳಿವಳಿಕೆ ಕಡಿಮೆ ಎಂದು ಯಾರೂ ಭಾವಿಸಬಾರದು.

ಜತ್ತ ಬರದ ತಾಲ್ಲೂಕು. ದೀಪಾವಳಿಯ ಹೊತ್ತಿಗೆ ಅನೇಕ ಕುಟುಂಬಗಳು ಕಬ್ಬು ಕಡಿಯಲು ಸಕ್ಕರೆ ಕಾರ್ಖಾನೆಗಳ ಕಡೆ ಹೊರಡುತ್ತವೆ. ಹತ್ತನೆಯ ತರಗತಿಯ ಪರೀಕ್ಷೆ ಬರುವುದೂ ಆ ಹಂಗಾಮು ಮುಗಿಯುವ ಮೊದಲೇ. ಹಿಂದೆ ಉಳಿದ ಮಗು ತಮ್ಮ ತಂಗಿಯರನ್ನೂ ಅಜ್ಜಿಯನ್ನೂ ನೋಡಿಕೊಂಡು ಓದಬೇಕು. ಇಷ್ಟು ಹೊಣೆ ಹೊತ್ತ ಮಕ್ಕಳ ಗಟ್ಟಿತನ ಯಾವ ಅಂಕಪಟ್ಟಿಯಲ್ಲೂ ಕಾಣುವುದಿಲ್ಲ.

ಈ ಮಕ್ಕಳ ಮುಂದಿನ ಓದಿಗೆ ದಾರಿಯೂ ಇದೆ. ವೃತ್ತಿಪರ ಕೋರ್ಸ್‌ಗಳ ಪ್ರವೇಶಕ್ಕೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಸಿಇಟಿಯ ನಿಯಮಗಳು ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜ ತಾಲ್ಲೂಕುಗಳ ಗಡಿನಾಡ ಕನ್ನಡಿಗರಿಗೆ ಅರ್ಹತೆಯ ಬಾಗಿಲು ತೆರೆದಿವೆ. ಈ ಸಂಗತಿ ಒಂಬತ್ತನೆಯ ತರಗತಿಯಲ್ಲೇ ಪ್ರತಿ ಮಗುವಿಗೂ ತಲುಪಬೇಕು. ಮಹಾರಾಷ್ಟ್ರವು 2020ರ ಕಾಯ್ದೆಯ ಮೂಲಕ ಎಲ್ಲ ಶಾಲೆಗಳಲ್ಲೂ ಮರಾಠಿಯನ್ನು ಕಡ್ಡಾಯ ಮಾಡಿದೆ. ಮರಾಠಿ ಕಲಿಕೆ ಒಳ್ಳೆಯದೇ. ಆದರೆ ಕನ್ನಡ ಮಾಧ್ಯಮದಲ್ಲಿ ಗಣಿತ, ವಿಜ್ಞಾನ ಕಲಿಸಲು ಕನ್ನಡ ಬಲ್ಲ ಶಿಕ್ಷಕರೇ ಬೇಕು. ಕಬ್ಬಿನ ಹಂಗಾಮಿಗೆ ಹಾಸ್ಟೆಲ್ ಬೇಕು. ಈ ಎರಡನ್ನೂ ಮುಂದಿನ ಜೂನ್‌ಗೆ ಮೊದಲೇ ಒದಗಿಸಬೇಕು.