ಹಿಮ್ಮಡಿಯ ಒಂದು ಹನಿ ರಕ್ತ: ಕಳಸ, ಮೂಡಿಗೆರೆಯ ಮಗುವಿಗೂ ಈ ಪರೀಕ್ಷೆ ಬೇಕು

ಅಪರೂಪದ ಕಾಯಿಲೆ ಅಂದರೆ ನಮಗೆ ನೆನಪಾಗುವುದು ಟಿವಿಯಲ್ಲಿ ಬರುವ ಹದಿನಾರು ಕೋಟಿಯ ಇಂಜೆಕ್ಷನ್. ಅದು ನಮ್ಮಂಥವರ ಕೈಗೆ ಎಟುಕುವ ಮಾತಲ್ಲ ಎಂದು ಸುಮ್ಮನಾಗುತ್ತೇವೆ. ಆದರೆ ಹುಟ್ಟಿನಿಂದ ಬರುವ ಎಲ್ಲ ಕಾಯಿಲೆಗೂ ಕೋಟಿ ಬೇಕಿಲ್ಲ. ಕೆಲವಕ್ಕೆ ದಿನಕ್ಕೊಂದು ಅಗ್ಗದ ಮಾತ್ರೆ ಸಾಕು, ಹೊತ್ತಿಗೆ ಸರಿಯಾಗಿ ಗೊತ್ತಾದರೆ.

ಹುಟ್ಟಿನಿಂದಲೇ ಥೈರಾಯ್ಡ್ ಕೊರತೆ ಇರುವ ಮಕ್ಕಳನ್ನೇ ನೋಡಿ. ಐಸಿಎಂಆರ್ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 1,100 ಶಿಶುಗಳಲ್ಲಿ ಒಂದಕ್ಕೆ ಇದು ಇರುತ್ತದೆ. ಹುಟ್ಟಿದಾಗ ಮಗು ಚೆನ್ನಾಗಿಯೇ ಕಾಣುತ್ತದೆ. ನಿದ್ದೆ ಸ್ವಲ್ಪ ಜಾಸ್ತಿ, ಹಾಲು ಎಳೆಯುವುದು ನಿಧಾನ, ಕಾಮಾಲೆ ಬೇಗ ಇಳಿಯುವುದಿಲ್ಲ. ಬಾಣಂತಿ ಮನೆಯಲ್ಲಿ ‘ಅಳೋದೇ ಇಲ್ಲ, ಎಷ್ಟು ಪಾಪದ ಮಗು’ ಅಂತ ಹೊಗಳುತ್ತಾರೆ. ಮೊದಲ ಎರಡು ವಾರದಲ್ಲಿ ಔಷಧ ಶುರುವಾದರೆ ಆ ಮಗು ಎಲ್ಲರ ಹಾಗೆ ಶಾಲೆಗೆ ಹೋಗುತ್ತದೆ. ತಿಂಗಳುಗಟ್ಟಲೆ ತಡವಾದರೆ ಕಳೆದುಹೋದ ಬುದ್ಧಿ ಬೆಳವಣಿಗೆಯನ್ನು ಯಾವ ಡಾಕ್ಟರೂ ವಾಪಸ್ ತರಲಾರರು.

ಇನ್ನೊಂದು, ಅಡ್ರಿನಲ್ ಗ್ರಂಥಿಯ ದೋಷ. ಇದರ ತೀವ್ರ ರೂಪದಲ್ಲಿ ಎರಡನೇ ಮೂರನೇ ವಾರದಲ್ಲೇ ಮಗು ವಾಂತಿ ಮಾಡಿ, ಮೈಯ ಉಪ್ಪು, ನೀರು ಕಳೆದುಕೊಂಡು ತೀರಿಕೊಳ್ಳಬಹುದು. ಗಂಡು ಮಗುವಾದರೆ ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಮನೆಯವರು ದೃಷ್ಟಿ, ಬಾಲಗ್ರಹ ಅಂದುಕೊಳ್ಳುತ್ತಾರೆ. ಇದಕ್ಕೂ ಮಾತ್ರೆ ಇದೆ.

ಇವನ್ನು ಹಿಡಿಯುವ ಪರೀಕ್ಷೆ ಹೊಸದೇನಲ್ಲ. ಮಗುವಿನ ಹಿಮ್ಮಡಿ ಚುಚ್ಚಿ, ಕೆಲವು ಹನಿ ರಕ್ತವನ್ನು ಸೋಸು ಕಾಗದದ ಕಾರ್ಡಿನ ಮೇಲೆ ಇಳಿಸಿ ಒಣಗಿಸುವ ಕ್ರಮವನ್ನು ಅಮೆರಿಕದ ರಾಬರ್ಟ್ ಗತ್ರಿ 1960ರ ದಶಕದಲ್ಲೇ ತೋರಿಸಿಕೊಟ್ಟರು. 1980ರ ದಶಕದಲ್ಲಿ ನಮ್ಮ ಬೆಂಗಳೂರಿನಲ್ಲೇ ಸಾವಿರಾರು ಶಿಶುಗಳನ್ನು ಹೀಗೆ ಪರೀಕ್ಷಿಸಿದ್ದರು. ಗೋವಾ 2008ರಲ್ಲಿ ಶುರು ಮಾಡಿತು. ಕೇರಳದ ಸರ್ಕಾರಿ ಆಸ್ಪತ್ರೆಗಳಲ್ಲಿ ನಾಲ್ಕು ಕಾಯಿಲೆಗಳಿಗೆ ಉಚಿತ ಪರೀಕ್ಷೆ ನಡೆಯುತ್ತಿದೆ. 2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸೀಳುತುಟಿ, ಸೊಟ್ಟಪಾದದಂಥ ಕಣ್ಣಿಗೆ ಕಾಣುವ ದೋಷಗಳನ್ನು ಹುಟ್ಟಿದಾಗಲೇ ನೋಡುತ್ತಾರೆ. ರಕ್ತದಲ್ಲಿ ಅಡಗಿರುವುದನ್ನು ಕಣ್ಣು ನೋಡಲಾರದು. ದೇಶದ ಪ್ರತಿ ಮಗುವಿಗೂ ಈ ರಕ್ತ ಪರೀಕ್ಷೆ ಆಗಲೇಬೇಕು ಎಂಬ ನಿಯಮ ಇಲ್ಲ.

ಬಡವರ ವಂಶದಲ್ಲಿ ಬರುವ ಕಾಯಿಲೆಗೆ ಹೆಸರು ಸಿಗುವುದೇ ತಡ ಎಂಬುದು ಮಲೆನಾಡಿಗೆ ಗೊತ್ತು. 1970ರ ದಶಕದಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಜನರ ಸೊಂಟ, ಮಂಡಿಯ ಕೀಲುಗಳು ಸವೆದು ನಡೆಯಲಾಗದ ಸ್ಥಿತಿ ಬಂತು. ಮೊದಲು ಗದ್ದೆಗೆ ಹೊಡೆದ ಔಷಧ, ಗದ್ದೆಯ ಏಡಿ ಎಂದೆಲ್ಲ ಅನುಮಾನಪಟ್ಟರು. ವಂಶವಾಹಿ ಕಾಯಿಲೆ ಎಂದು ತಿಳಿಯಲು ವರ್ಷಗಳೇ ಹಿಡಿದವು. ನಮ್ಮ ಚಿಕ್ಕಮಗಳೂರು ಜಿಲ್ಲೆಯಲ್ಲೂ ಈ ಕಾಯಿಲೆಯ ಕುಟುಂಬಗಳಿವೆ. ಹಿಮ್ಮಡಿ ಪರೀಕ್ಷೆ ಹಂದಿಗೋಡು ಕಾಯಿಲೆಗೆ ಪರಿಹಾರವಲ್ಲ. ಆದರೆ ಗುಡ್ಡದ ಜನರನ್ನು ಕೊನೆಗೆ ನೋಡುವ ಅಭ್ಯಾಸ ಇಲ್ಲೂ ಮುಂದುವರಿಯಬಾರದು.

‘ಮೊದಲು ಡಾಕ್ಟರನ್ನು ಕೊಡಲಿ, ಆಮೇಲೆ ಪರೀಕ್ಷೆ’ ಎನ್ನುವವರಿದ್ದಾರೆ. ಅವರ ಸಿಟ್ಟು ನಮಗೂ ಅರ್ಥವಾಗುತ್ತದೆ. ಕುದುರೆಮುಖದಿಂದ ಜಿಲ್ಲಾ ಕೇಂದ್ರಕ್ಕೆ ಹೋಗಿ ಬರಲು ಇಡೀ ದಿನ ಬೇಕು. ಅದಕ್ಕೇ ಈ ಪರೀಕ್ಷೆ ನಮಗೆ ಹೊಂದುತ್ತದೆ ಎನ್ನುತ್ತೇವೆ: ಇಲ್ಲಿ ಮಗು ಪ್ರಯಾಣ ಮಾಡಬೇಕಿಲ್ಲ, ಒಣಗಿದ ಕಾರ್ಡು ಅಂಚೆಯಲ್ಲಿ ಹೋದರೆ ಸಾಕು.

ಆದರೆ ನಮ್ಮ ಊರಿಗೆ ತಕ್ಕ ಏರ್ಪಾಡು ಬೇಕು. ಆಷಾಢದ ಮಳೆಯಲ್ಲಿ ಬಟ್ಟೆಯೇ ಒಣಗದ ಜಾಗ ಇದು. ಕಾರ್ಡು ಒಣಗಿಸಲು ಜಾಗ, ತೇವ ಹೀರುವ ಪೊಟ್ಟಣ ಕೊಡಬೇಕು. ಹುಟ್ಟಿದ 24 ಗಂಟೆಯೊಳಗೆ ರಕ್ತ ತೆಗೆದರೆ ಥೈರಾಯ್ಡ್ ಫಲಿತಾಂಶ ತಪ್ಪು ಬರುವುದುಂಟು, 48 ಗಂಟೆ ಕಳೆದರೆ ಒಳ್ಳೆಯದು. ಅಷ್ಟರೊಳಗೆ ತಾಯಿ ಮನೆ ಸೇರಿರುತ್ತಾಳೆ. ಆಶಾ ಅಕ್ಕಂದಿರು ಹೇಗೂ ಮೂರನೇ ದಿನ ಬಾಣಂತಿ ಮನೆಗೆ ಬರಬೇಕು; ಜೊತೆಗೆ ನರ್ಸ್ ಬಂದರೆ ಕೆಲಸ ಮುಗಿಯಿತು. ಅಸ್ಸಾಂ, ಜಾರ್ಖಂಡ್‌ನಿಂದ ಬಂದು ತೋಟದ ಲೈನ್‌ಗಳಲ್ಲಿರುವ ತಾಯಂದಿರನ್ನೂ ಬಿಡಬಾರದು. ಫಲಿತಾಂಶ ವಾರದೊಳಗೆ ಫೋನಿಗೆ ಬರಬೇಕು, ಎರಡನೇ ಪರೀಕ್ಷೆ ಮಾಡಿಸಿ ಮಾತ್ರೆ ಕೈಗೆ ಕೊಡುವವರೆಗೆ ಒಬ್ಬರು ಜವಾಬ್ದಾರರಿರಬೇಕು.

ಖಾಸಗಿ ಲ್ಯಾಬ್‌ಗಳಂತೆ ಐವತ್ತು ಕಾಯಿಲೆಯ ಪ್ಯಾಕೇಜ್ ಬೇಡ. ಮದ್ದು ಇರುವುದರಿಂದ ಶುರುವಾಗಲಿ, ಆಮೇಲೆ ಒಂದೊಂದೇ ಸೇರಲಿ. ದುಬಾರಿ ಕಾಯಿಲೆಗಳಿಗೆ 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಡಿ 50 ಲಕ್ಷದವರೆಗೆ ನೆರವಿದೆ. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಇದಕ್ಕೆ ಗುರುತಾದ ಕೇಂದ್ರ. ಕಾಯಿಲೆಯ ಹೆಸರೇ ತಿಳಿಯದಿದ್ದರೆ ಆ ಬಾಗಿಲಿಗೆ ಹೋಗುವುದಾದರೂ ಹೇಗೆ?

ಕೊನೆಯದಾಗಿ ಒಂದು ಮಾತು, ಮನೆಯ ಹಿರಿಯರಿಗೆ. ಇಂಥ ಬಹುಪಾಲು ಕಾಯಿಲೆಗಳಲ್ಲಿ ದೋಷದ ಒಂದು ಪಾಲು ಅಪ್ಪನಿಂದ, ಇನ್ನೊಂದು ಅಮ್ಮನಿಂದ ಬರುತ್ತದೆ. ಸೋದರಿಕೆಯ ಮದುವೆಯಲ್ಲಿ ಎರಡೂ ಕೂಡುವ ಸಂಭವ ಹೆಚ್ಚು. ಸೊಸೆಯ ಕಾಲ್ಗುಣಕ್ಕೂ ಇದಕ್ಕೂ ಸಂಬಂಧವಿಲ್ಲ.

ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ನೀರಿನ ಜೊತೆ ಇದನ್ನೂ ಕೇಳೋಣ. ತಾಲ್ಲೂಕು ಆರೋಗ್ಯಾಧಿಕಾರಿಗೆ ಬರೆಯುವ ಅರ್ಜಿಯಲ್ಲಿ ಒಂದೇ ಸಾಲು ಸಾಕು: ನಮ್ಮ ಆಸ್ಪತ್ರೆಯಲ್ಲಿ ಹುಟ್ಟುವ ಪ್ರತಿ ಮಗುವಿಗೂ ಹಿಮ್ಮಡಿ ರಕ್ತ ಪರೀಕ್ಷೆ ಮಾಡಿಸಿ.