ಅಗ್ಗದ ಗಿಟಾರು, ದುಬಾರಿ ಹೆಸರು

ದುಡಿಯುವವರ ಪತ್ರಿಕೆಗೂ ಗಿಟಾರಿಗೂ ಏನು ಸಂಬಂಧವೆಂದು ನಮ್ಮ ಓದುಗರಲ್ಲಿ ಕೆಲವರು ಕೇಳಬಹುದು. ಬೋನಸ್ಸಿನ ಮಾತು ಬಿಟ್ಟು, ಬೆಲೆಯೇರಿಕೆಯ ಮಾತು ಬಿಟ್ಟು, ಇವರು ಹಾಡುಗಾರರ ಸಾಮಾನಿನ ಕಥೆ ಹೇಳಲು ಹೊರಟರಲ್ಲ ಎಂದು ಹುಬ್ಬೇರಿಸಬಹುದು. ಅಂಥವರಲ್ಲಿ ನಮ್ಮ ಬಿನ್ನಹ ಇಷ್ಟೇ: ಕೊನೆಯವರೆಗೆ ಓದಿ. ನಾವು ಹೇಳಹೊರಟಿರುವುದು ಬೆಲೆಯ ಮಾತನ್ನೇ, ಕೂಲಿಯ ಮಾತನ್ನೇ.

ಕಳೆದ ತಿಂಗಳು ನಮ್ಮ ಕಚೇರಿಗೆ ಒಬ್ಬ ಹುಡುಗ ಬಂದ. ತಂದೆ ಮಿಲ್ಲಿನ ಸ್ಪಿನ್ನಿಂಗ್ ಖಾತೆಯಲ್ಲಿ ದುಡಿಯುವವರು. ತಾಯಿ ಮನೆಯಲ್ಲಿ ಹೊಲಿಗೆ ಹಾಕುವವರು. ಗಣೇಶನ ಹಬ್ಬ, ಮದುವೆ, ಜಾತ್ರೆಗಳಲ್ಲಿ ನುಡಿಸುವ ಒಂದು ಆರ್ಕೆಸ್ಟ್ರಾದವರು ಈ ಹುಡುಗನನ್ನು ಸೇರಿಸಿಕೊಳ್ಳಲು ಒಪ್ಪಿದ್ದರು. ತಾಯಿ ಚೀಟಿ ಎತ್ತಿದ ಹಣದಲ್ಲಿ ೯,೦೦೦ ರೂಪಾಯಿ ಕೊಟ್ಟು ಅವನು ಒಂದು ಬೇಸ್ ಗಿಟಾರ್ ತಂದ. ಬೇಸ್ ಗಿಟಾರ್ ಎಂದರೆ ನಾಲ್ಕು ದಪ್ಪ ತಂತಿಗಳ, ತಗ್ಗು ದನಿಯ ವಾದ್ಯ. ಸಿನಿಮಾ ಹಾಡಿನಲ್ಲಿ ಡ್ರಮ್ಮಿನ ಸಂಗಡ ಎದೆಗೆ ಬಂದು ತಾಗುವ ದನಿ ಇದೆಯಲ್ಲ, ಅದು ಇದರದ್ದು.

ತಂದ ವಾದ್ಯ ನುಡಿಯಲೊಲ್ಲದು. ವೀಣೆಗೆ ಇರುವಂತೆ ಗಿಟಾರಿನ ಕತ್ತಿಗೂ ಲೋಹದ ಮೆಟ್ಟಿಲುಗಳಿರುತ್ತವೆ. ತಂತಿಗಳು ಆ ಮೆಟ್ಟಿಲುಗಳಿಂದ ಬಹಳ ಮೇಲೆ ನಿಂತಿದ್ದುದರಿಂದ ಒತ್ತಿ ಒತ್ತಿ ಹುಡುಗನ ಬೆರಳ ತುದಿಗಳಲ್ಲಿ ಬೊಬ್ಬೆ ಎದ್ದಿದ್ದವು. ಕೆಲವು ಕಡೆ ತಂತಿ ಜರಜರ ಎನ್ನುತ್ತಿತ್ತು. ಸ್ಪೀಕರಿಗೆ ಸೇರಿಸಿದರೆ ವಾದ್ಯದ ದನಿಗಿಂತ ಕರೆಂಟಿನ ಗೊರಗೊರ ಸದ್ದೇ ಹೆಚ್ಚು. ಕೊಂಡ ಅಂಗಡಿಗೆ ಹೊತ್ತುಕೊಂಡು ಹೋದ. "ಈ ರೇಟಿಗೆ ಇದು ಇಷ್ಟೇ ಕಣಪ್ಪಾ. ಒಳ್ಳೇದು ಬೇಕಿದ್ರೆ ನಲವತ್ತು ಸಾವಿರದ್ದು ತಗೋ" ಎಂದರಂತೆ. ಆರ್ಕೆಸ್ಟ್ರಾದ ಯಜಮಾನರು ಹದಿನೈದು ದಿನದ ವಾಯಿದೆ ಕೊಟ್ಟರು. ಅಷ್ಟರಲ್ಲಿ ಸರಿಯಾದ ವಾದ್ಯ ತರದಿದ್ದರೆ ಬೇರೆಯವನನ್ನು ನೋಡಿಕೊಳ್ಳುವುದಾಗಿ ಹೇಳಿದರು. ಮನೆಯಲ್ಲಿ ತಾಯಿ ಒಂದು ಮಾತೂ ಆಡಲಿಲ್ಲವಂತೆ. "ಬೈದಿದ್ರೇ ಚೆನ್ನಾಗಿತ್ತು" ಎಂದು ಹುಡುಗ ನಮ್ಮೊಡನೆ ಹೇಳಿದ.

ಸಂಜೆ ನಮ್ಮಲ್ಲಿಗೆ ಪತ್ರಿಕೆ ಓದಲು ಬರುವ ಹಿರಿಯರೊಬ್ಬರಿದ್ದಾರೆ. ಮೂವತ್ತು ವರ್ಷ ಕಾರ್ಡಿಂಗ್ ಖಾತೆಯಲ್ಲಿದ್ದು, ಜಾಬರ್ ಆಗಿ ನಿವೃತ್ತರಾದವರು. ಅದುವರೆಗೆ ಗಿಟಾರನ್ನು ಮುಟ್ಟಿದವರಲ್ಲ. "ಎಲ್ಲಿ, ಕೊಡು ತಮ್ಮಾ" ಎಂದು ಕೈಗೆ ತೆಗೆದುಕೊಂಡು ಹಿಂದುಮುಂದು ತಿರುಗಿಸಿದರು. ಕತ್ತು ಒಡಲಿಗೆ ಸೇರುವಲ್ಲಿ ನಾಲ್ಕು ತಿರುಪುಗಳನ್ನು ಕಂಡು, "ಇದನ್ನ ಬಿಚ್ಚೋಕೆ ಅಂತ್ಲೇ ಮಾಡವ್ರೆ" ಎಂದರು.

ಅವರು ಹೇಳಿದ್ದು ಚರಿತ್ರೆಯ ಸತ್ಯ. ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದ ಫುಲರ್ಟನ್ ಊರಿನಲ್ಲಿ ಲಿಯೋ ಫೆಂಡರ್ ಎಂಬ ರೇಡಿಯೋ ರಿಪೇರಿಗಾರನಿದ್ದ. ಅವನಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಆ ಕಾಲದಲ್ಲಿ ತಗ್ಗು ದನಿ ಬೇಕಾದರೆ ಆಳೆತ್ತರದ ಡಬಲ್ ಬೇಸ್ ಎಂಬ ವಾದ್ಯವನ್ನು ಹೊತ್ತು ತಿರುಗಬೇಕಾಗಿತ್ತು. ೧೯೫೧ರಲ್ಲಿ ಫೆಂಡರ್, ಹಲಗೆಯಂಥ ಒಡಲಿಗೆ ಮೆಟ್ಟಿಲು ಕೂರಿಸಿದ ಕತ್ತನ್ನು ತಿರುಪಿನಿಂದ ಬಿಗಿದು, ಪ್ರಿಸಿಷನ್ ಬೇಸ್ ಎಂಬ ವಿದ್ಯುತ್ ವಾದ್ಯವನ್ನು ಮಾರಾಟಕ್ಕೆ ತಂದ. ಕತ್ತು ಕೆಟ್ಟರೆ ಬಿಚ್ಚಿ ಇನ್ನೊಂದನ್ನು ಹಾಕಬಹುದು. ಇಂದು ಅಂಗಡಿಯಲ್ಲಿ ಸಿಗುವ ಅಗ್ಗದ ಬೇಸ್‌ಗಳಲ್ಲಿ ಬಹುಪಾಲು ಆ ವಾದ್ಯದ ಮಕ್ಕಳು, ಮೊಮ್ಮಕ್ಕಳು. ರಿಪೇರಿಗಾರನ ಕೈಯಲ್ಲಿ ಹುಟ್ಟಿದ ವಾದ್ಯವನ್ನು ರಿಪೇರಿಗೆ ಬಾರದ್ದು ಎನ್ನುವುದು ಎಂತಹ ವ್ಯಾಪಾರ!

ಇನ್ನು ನಡೆದ ಕೆಲಸವನ್ನು ಹೇಳುತ್ತೇವೆ. ಬೇಸಿನ ನಾಲ್ಕು ತಂತಿಗಳು ಕೂಡಿ ಕತ್ತನ್ನು ಎಪ್ಪತ್ತು ಎಂಬತ್ತು ಕಿಲೋ ತೂಕದಷ್ಟು ಬಲದಿಂದ ಸೆಳೆಯುತ್ತವೆ. ಹೆಚ್ಚು ಕಡಮೆ ಅರ್ಧ ಬೇಲ್ ಅರಳೆಯ ತೂಕ. ಕತ್ತು ಬಿಲ್ಲಿನಂತೆ ಬಾಗದಿರಲೆಂದು ಮರದೊಳಗೆ ಉಕ್ಕಿನ ಕಂಬಿಯೊಂದಿದೆ. ಅದನ್ನು ಬಿಗಿಯಲು ತುದಿಯಲ್ಲಿ ಒಂದು ನಟ್ಟು. ತಂತಿಯನ್ನು ಮೊದಲ ಮೆಟ್ಟಿಲಲ್ಲೂ ಕೊನೆಯ ಮೆಟ್ಟಿಲಲ್ಲೂ ಒತ್ತಿ ಹಿಡಿದು ನಡುವಿನ ಸಂದನ್ನು ಅಳೆಯಬೇಕು. ಇಂಚನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಹನ್ನೆರಡು ಭಾಗದಷ್ಟು ಸಂದಿದ್ದರೆ ಸರಿ. ಇದನ್ನು ಕೇಳಿ ನಮ್ಮ ಹಿರಿಯರು ನಕ್ಕರು. ಕಾರ್ಡಿಂಗ್ ಯಂತ್ರದ ಸಿಲಿಂಡರಿಗೂ ಫ್ಲಾಟುಗಳಿಗೂ ನಡುವಿನ ಸಂದನ್ನು ಅವರು ಮೂವತ್ತು ವರ್ಷ ಅಳೆದದ್ದು ಇದೇ ಸಾವಿರದ ಲೆಕ್ಕದಲ್ಲಿ. ಮರುದಿನ ಮನೆಯಿಂದ ತಮ್ಮ ಹಳೆಯ ಗೇಜನ್ನು ತಂದರು. ಹುಡುಗನ ಗಿಟಾರಿನಲ್ಲಿ ಸಂದು ನಲವತ್ತು ಭಾಗವಿತ್ತು! ತಂತಿ ಸಡಿಲಿಸಿ ನಟ್ಟನ್ನು ಕಾಲು ಸುತ್ತು ತಿರುಗಿಸುವುದು, ಮತ್ತೆ ಶ್ರುತಿ ಮಾಡಿ ಅಳೆಯುವುದು, ಮರಕ್ಕೆ ಒಂದು ರಾತ್ರಿ ಬಿಡುವು ಕೊಡುವುದು. ಮೂರನೆಯ ಸಂಜೆ ಅಳತೆ ಹನ್ನೆರಡಕ್ಕೆ ನಿಂತಿತು.

ಕತ್ತಿನ ತಲೆಯಲ್ಲಿ ತಂತಿ ಕೂರುವ ಪ್ಲಾಸ್ಟಿಕ್ ಪಟ್ಟಿಯ ಕಚ್ಚುಗಳು ಆಳವಾಗಿರಲಿಲ್ಲ. ಗಡಿಯಾರದ ಅಂಗಡಿಯವರು ಸೂಜಿಯಂಥ ಅರ ಕೊಟ್ಟರು. ಕಚ್ಚುಗಳನ್ನು ಸ್ವಲ್ಪ ಸ್ವಲ್ಪವೇ ಉಜ್ಜಿದರು. ಎದ್ದು ನಿಂತಿದ್ದ ಎರಡು ಮೆಟ್ಟಿಲುಗಳನ್ನು ಸಮಮಾಡಿ, ಮೇಲ್ಭಾಗವನ್ನು ಮತ್ತೆ ದುಂಡಗೆ ಮಾಡಿ, ಚೂಪಾದ ಅಂಚುಗಳನ್ನು ನಯವಾದ ಎಮರಿ ಕಾಗದದಲ್ಲಿ ಸವರಿದರು. ಬಳಿಕ ಸ್ವರದ ಪರೀಕ್ಷೆ. ಹನ್ನೆರಡನೆಯ ಮೆಟ್ಟಿಲಲ್ಲಿ ಒತ್ತಿದಾಗ ಬರುವ ಸ್ವರ ಬಿಟ್ಟ ತಂತಿಯ ಸ್ವರಕ್ಕಿಂತ ಸರಿಯಾಗಿ ಒಂದು ಸ್ಥಾಯಿ ಮೇಲಿರಬೇಕು. ಏರಿದ್ದರೆ ಕೆಳಗಿನ ಕುದುರೆಯನ್ನು ಹಿಂದಕ್ಕೆ ಸರಿಸಬೇಕು, ಇಳಿದಿದ್ದರೆ ಮುಂದಕ್ಕೆ. ಇದಕ್ಕೆ ಬೇಕಾದದ್ದು ಒಂದು ಸ್ಕ್ರೂಡ್ರೈವರ್, ಒಂದು ಜೊತೆ ಕಿವಿ.

ಗೊರಗೊರ ಸದ್ದನ್ನು ಬಜಾರಿನ ರೇಡಿಯೋ ರಿಪೇರಿಯವರು ಹಿಡಿದರು. ಅಯಸ್ಕಾಂತದ ಸುತ್ತ ತೆಳು ತಾಮ್ರದ ತಂತಿ ಸುತ್ತಿದ ಪಿಕಪ್ ಎಂಬ ಭಾಗವೇ ಉಕ್ಕಿನ ತಂತಿಯ ನಡುಕವನ್ನು ವಿದ್ಯುತ್ತಾಗಿ ಮಾಡುತ್ತದೆ. ಅದರ ಗೂಡಿಗೆ ಒಳಗೆ ಯಾವ ಹೊದಿಕೆಯೂ ಇರಲಿಲ್ಲ. ಅರ್ಥ್ ತಂತಿಯ ಬೆಸುಗೆ ಬಿಟ್ಟಿತ್ತು. ಗೂಡಿಗೆಲ್ಲ ತಾಮ್ರದ ತೆಳು ಪಟ್ಟಿ ಅಂಟಿಸಿ ಅರ್ಥಿಗೆ ಸೇರಿಸಿದರು. ಕರಕರ ಎನ್ನುತ್ತಿದ್ದ ವಾಲ್ಯೂಮ್ ಕಂಟ್ರೋಲನ್ನು ತೆಗೆದು ೨೫೦ ಕಿಲೋ ಓಮಿನ ಹೊಸದೊಂದನ್ನು, ಟೋನಿಗೆ ೦.೦೪೭ ಮೈಕ್ರೋಫ್ಯಾರಡ್ ಕೆಪಾಸಿಟರನ್ನು ಹಾಕಿದರು. ಮಂಕಾಗಿದ್ದ ತಂತಿಗಳನ್ನು ಬಿಸಾಡದೆ ಹತ್ತು ನಿಮಿಷ ನೀರಿನಲ್ಲಿ ಕುದಿಸಿ, ಒರೆಸಿ, ಒಣಗಿಸಿ ಮತ್ತೆ ಕಟ್ಟಿದರು. ಬಡ ವಾದಕರು ಎಲ್ಲೆಡೆ ಮಾಡುವ ಉಪಾಯವಿದು. ಸುರುಳಿಯಲ್ಲಿ ಸೇರಿದ ಕೊಳೆ ಬಿಟ್ಟು ದನಿ ಕೆಲವು ಕಾಲ ತಿಳಿಯಾಗುತ್ತದೆ. ಒಟ್ಟು ಖರ್ಚು ೫೦೦ ರೂಪಾಯಿಯೊಳಗೆ ಮುಗಿಯಿತು.

ಈಗ ನಮ್ಮ ಪ್ರಶ್ನೆ. ಆ ಗಿಟಾರಿಗೆ ಕೊರತೆಯಾಗಿದ್ದುದೇನು? ಮರವಿತ್ತು, ಉಕ್ಕಿತ್ತು, ಅಯಸ್ಕಾಂತವಿತ್ತು. ಹೊಸದಾಗಿ ನಾವು ಹಾಕಿದ ಸಾಮಾನು ಒಂದು ಅಂಗೈಯಲ್ಲಿ ಹಿಡಿಯುವಷ್ಟು. ಕೊರತೆಯಾಗಿದ್ದುದು ಕೈಕೆಲಸದ ಕೆಲವು ಗಂಟೆಗಳು. ಅಳೆಯುವ ಗಂಟೆ, ಅರ ಹಾಕುವ ಗಂಟೆ, ಬೆಸುಗೆಯನ್ನು ಎರಡನೆಯ ಬಾರಿ ನೋಡುವ ಗಂಟೆ. ಅಗ್ಗದ ವಾದ್ಯಕ್ಕೆ ಮೊದಲು ಕತ್ತರಿ ಬೀಳುವುದು ಈ ಗಂಟೆಗಳಿಗೆ. ಆಮೇಲೆ ಅವೇ ಗಂಟೆಗಳನ್ನು ಇನ್ನೊಂದು ಹೆಸರಿನ ವಾದ್ಯದಲ್ಲಿ ಸೇರಿಸಿ, ನಾಲ್ಕು ಪಾಲು ಬೆಲೆಗೆ ನಮಗೇ ಮಾರುತ್ತಾರೆ.

ಹೆಸರಿನ ಬೆಲೆಯನ್ನೂ ನೋಡಿ. ೧೯೬೫ರ ಜನವರಿಯಲ್ಲಿ ಸಿ.ಬಿ.ಎಸ್. ಎಂಬ ಪ್ರಸಾರ ಕಂಪನಿಯು ಫೆಂಡರ್ ಸಂಸ್ಥೆಯನ್ನು ೧ ಕೋಟಿ ೩೦ ಲಕ್ಷ ಡಾಲರಿಗೆ ಕೊಂಡಿತು. ರಿಪೇರಿಗಾರನ ಹೆಸರೇ ಒಂದು ಸರಕಾಯಿತು. ಇಂದು ಒಂದೇ ನಮೂನೆಯ ಬೇಸ್ ಕ್ಯಾಲಿಫೋರ್ನಿಯಾದಲ್ಲಿ ತಯಾರಾದರೆ ಒಂದು ಬೆಲೆ, ಮೆಕ್ಸಿಕೋದಲ್ಲಿ ತಯಾರಾದರೆ ಇನ್ನೊಂದು, ಏಷ್ಯಾದಲ್ಲಿ ಬೇರೆ ಹೆಸರಿನಡಿ ತಯಾರಾದರೆ ಮತ್ತೊಂದು. ಬಿಡಿಭಾಗಗಳಲ್ಲಿ ಭೇದವಿಲ್ಲವೆಂದು ನಾವು ಹೇಳುವುದಿಲ್ಲ, ಇದೆ. ಆದರೆ ಬೆಲೆಯಲ್ಲಿ ಕೂಲಿಯ ಭೇದವೂ ಹೆಸರಿನ ಭೇದವೂ ಎಷ್ಟೆಂಬುದನ್ನು ಯಾವ ರಸೀದಿಯೂ ಹೇಳುವುದಿಲ್ಲ.

ಕೂಲಿಯ ಮಾತು ಬಂದಾಗ ದಕ್ಷಿಣ ಕೊರಿಯಾದ ಕಥೆಯನ್ನು ಮಿಲ್ ಬಂಧುಗಳು ಕೇಳಲೇಬೇಕು. ಅಲ್ಲಿಯ ಕಾರ್ಟ್ ಕಂಪನಿ ತನ್ನ ಹೆಸರಿನಲ್ಲಿಯೂ ಬೇರೆ ದೊಡ್ಡ ಹೆಸರುಗಳಿಗಾಗಿಯೂ ಗಿಟಾರ್ ತಯಾರಿಸುವಂಥದು. ೨೦೦೭ರಲ್ಲಿ ಅದು ಇಂಚಿಯೋನ್ ಮತ್ತು ಡೇಜಿಯೋನ್ ಊರುಗಳ ಕೆಲಸಗಾರರನ್ನು ಹೊರಹಾಕಲು ತೊಡಗಿತು; ಕಾರಖಾನೆಗಳಿಗೆ ಬೀಗ ಬಿತ್ತು; ಕೆಲಸ ಇಂಡೊನೇಷ್ಯಾ ಮತ್ತು ಚೀನಾಗಳಿಗೆ ಹೋಯಿತು. ಹೊರಬಿದ್ದವರು ಸುಮ್ಮನೆ ಕೂರಲಿಲ್ಲ. ಬೀದಿಯಲ್ಲಿ ಕುಳಿತರು, ನ್ಯಾಯಾಲಯ ಹತ್ತಿದರು, ಉಪವಾಸ ಮಾಡಿದರು. ಬಾಳೆಲ್ಲ ಗಿಟಾರ್ ಮಾಡಿದವರು ಆ ಹೋರಾಟದ ನಡುವೆ ಗಿಟಾರ್ ನುಡಿಸಲು ಕಲಿತು, ತಮ್ಮದೇ ವಾದ್ಯಮೇಳ ಕಟ್ಟಿದರು. ೨೦೧೯ರ ಏಪ್ರಿಲಿನಲ್ಲಿ, ಹನ್ನೆರಡು ವರ್ಷಗಳ ಬಳಿಕ, ಕಂಪನಿ ವಿಷಾದ ಸೂಚಿಸಿ ಒಪ್ಪಂದಕ್ಕೆ ಬಂದಿತು. ಅಗ್ಗದ ವಾದ್ಯವನ್ನು 'ಕಸ' ಎಂದು ಕರೆಯುವ ಮುನ್ನ ಇಷ್ಟನ್ನು ನೆನೆಯಿರಿ. ಅದನ್ನು ಮಾಡಿದ ಕೈಗೆ ಕೆಲಸ ಬಾರದೆ ಅದು ಹಾಗಾಗಲಿಲ್ಲ. ಆ ಕೈಗೆ ಹೊತ್ತು ಕೊಡದೆ ಹಾಗಾಯಿತು.

ಬಿಚ್ಚುವುದು ಬಡತನದ ಗುರುತೆಂದು ಕೆಲವರು ಮೂಗು ಮುರಿಯುತ್ತಾರೆ. ಫ್ಲಾರಿಡಾದಲ್ಲಿ ಬೆಳೆದ ಜಾಕೋ ಪಾಸ್ಟೋರಿಯಸ್ ಮೆಟ್ಟಿಲುಗಳನ್ನೆಲ್ಲ ಕಿತ್ತ ೧೯೬೨ರ ತನ್ನ ಬೇಸಿನ ಸೀಳುಗಳಿಗೆ ಮರದ ಲುಕ್ಕ ತುಂಬಿ, ದೋಣಿಗೆ ಬಳಿಯುವ ಎಪಾಕ್ಸಿಯನ್ನು ಬಳಿದ. ಆ ವಾದ್ಯದ ದನಿಯನ್ನು ಇಂದಿಗೂ ಲೋಕದ ವಾದಕರು ಕಿವಿಗೊಟ್ಟು ಕಲಿಯುತ್ತಾರೆ. ಇಂಗ್ಲೆಂಡಿನ ಕ್ವೀನ್ ತಂಡದ ಬೇಸ್ ವಾದಕ ಜಾನ್ ಡೀಕನ್, ಲಂಡನ್ನಿನಲ್ಲಿ ಕಸಕ್ಕೆ ಎಸೆದಿದ್ದ ಸರ್ಕ್ಯೂಟ್ ಹಲಗೆಯೊಂದನ್ನು ಎತ್ತಿ ತಂದು ಪುಟ್ಟ ಆಂಪ್ಲಿಫೈಯರ್ ಮಾಡಿದ. ಆ ತಂಡದ ಧ್ವನಿಮುದ್ರಣಗಳಲ್ಲಿ ಅದರ ದನಿಯಿದೆ. ಇವರು ಯಾರ ಅಪ್ಪಣೆಯನ್ನೂ ಕೇಳಲಿಲ್ಲ.

"ಎಲ್ಲರೂ ಮನೆಯಲ್ಲೇ ರಿಪೇರಿ ಮಾಡಿಕೊಂಡರೆ ನಾವು ಬದುಕುವುದು ಹೇಗೆ?" ಎಂದು ಸಣ್ಣ ವ್ಯಾಪಾರಿ ಮಿತ್ರರು ಕೇಳಿಯಾರು. ಲೆಕ್ಕ ನೋಡಿ ಸ್ವಾಮಿ. ಹುಡುಗ ನಲವತ್ತು ಸಾವಿರದ ವಾದ್ಯಕ್ಕೆ ಸಾಲ ಮಾಡಿದ್ದರೆ ಆ ಹಣ ಮುಂದಿನ ಬಸ್ಸಿಗೇ ದೊಡ್ಡ ಪಟ್ಟಣಕ್ಕೆ ಹೋಗುತ್ತಿತ್ತು. ಖರ್ಚಾದ ಐನೂರು ನಮ್ಮ ಬಜಾರಿನಲ್ಲೇ ಉಳಿಯಿತು: ರೇಡಿಯೋ ಸಾಮಾನಿನ ಅಂಗಡಿಗೆ ಇಷ್ಟು, ಹಾರ್ಡ್‌ವೇರ್ ಅಂಗಡಿಗೆ ಇಷ್ಟು. ವಸ್ತು ಬಿಚ್ಚಲು ಬಂದರೆ ತಾನೆ ರಿಪೇರಿಯವನಿಗೆ ಅನ್ನ?

ಎಲ್ಲವೂ ಸರಿಯಾಗುತ್ತದೆಂದು ನಾವು ಆಣೆ ಇಡುವುದಿಲ್ಲ. ಹುರಿಯಂತೆ ತಿರುಚಿಕೊಂಡ ಕತ್ತು ಸಾಮಾನ್ಯವಾಗಿ ರಿಪೇರಿಗೆ ಬಾರದು. ಕಚ್ಚನ್ನು ಹೆಚ್ಚು ಆಳ ಮಾಡಿದರೆ ಪಟ್ಟಿಯನ್ನೇ ಬದಲಿಸಬೇಕು. ನಟ್ಟಿನ ಮೇಲೆ ಬಲ ತೋರಿದರೆ ಕಂಬಿ ಮುರಿಯುತ್ತದೆ. ಸ್ಪೀಕರಿಗೆ ಸೇರಿಸಿರುವಾಗ ಬೆಸುಗೆ ಹಾಕಕೂಡದು. ಆಂಪ್ಲಿಫೈಯರಿನ ಒಳಕ್ಕೆ ಬಲ್ಲವರಲ್ಲದೆ ಕೈ ಹಾಕಕೂಡದು, ಅಲ್ಲಿ ಪ್ರಾಣ ತೆಗೆಯುವ ಕರೆಂಟು ಇರುತ್ತದೆ.

ಗಿಟಾರಿಗೆ ಇನ್ನೂ ನಾಲ್ಕು ತಿರುಪುಗಳಿವೆ. ನಮ್ಮ ಮೊಬೈಲು, ಮಿಕ್ಸಿಗಳ ಗತಿಯೇನು? ಎಷ್ಟೋ ವಸ್ತುಗಳನ್ನು ಅಂಟು ಹಾಕಿ ಮುಚ್ಚುತ್ತಾರೆ, ಬಿಚ್ಚಿದರೆ ಗ್ಯಾರಂಟಿ ಇಲ್ಲವೆನ್ನುತ್ತಾರೆ. ೨೦೨೨ರ ಜುಲೈಯಲ್ಲಿ ಕೇಂದ್ರ ಸರ್ಕಾರವು ರಿಪೇರಿಯ ಹಕ್ಕಿನ ಬಗ್ಗೆ ಸಮಿತಿಯೊಂದನ್ನು ನೇಮಿಸಿತು. ಅದು ಮೊದಲು ಕೈಗೆತ್ತಿಕೊಂಡದ್ದು ಕೃಷಿಯ ಸಲಕರಣೆ, ಮೊಬೈಲು, ಮನೆಬಳಕೆಯ ಯಂತ್ರ, ವಾಹನಗಳನ್ನು. ಸಮಿತಿಯಿಂದ ಹೊಟ್ಟೆ ತುಂಬದು. ಬಿಡಿಭಾಗ ಸಿಗಬೇಕು, ನಕ್ಷೆ ಸಿಗಬೇಕು, ಬಿಚ್ಚಿದವನಿಗೆ ದಂಡ ಬೀಳಕೂಡದು. ಕೊಂಡವನಿಗೆ ಬಿಚ್ಚುವ ಅಧಿಕಾರವಿಲ್ಲದಿದ್ದರೆ ಅವನು ಕೊಂಡದ್ದೇನು? ಬಾಡಿಗೆಗೆ ತಂದಂತೆಯೇ ಅಲ್ಲವೆ?

ವಾಯಿದೆಯ ದಿನ ಹುಡುಗ ಅದೇ ೯,೦೦೦ ರೂಪಾಯಿಯ ಗಿಟಾರನ್ನು ಹೊತ್ತು ಆರ್ಕೆಸ್ಟ್ರಾದವರ ಮುಂದೆ ನುಡಿಸಿದ. ಹಬ್ಬದ ಎರಡು ಕಾರ್ಯಕ್ರಮಗಳಿಗೆ ಅವನನ್ನು ಇಟ್ಟುಕೊಂಡಿದ್ದಾರೆ. ಮುಂದಿನದು ಅವನ ಬೆರಳಿಗೆ ಬಿಟ್ಟದ್ದು. ಹೋದ ಭಾನುವಾರ ಅವನು ಇನ್ನೊಬ್ಬ ಹುಡುಗನ ಗಿಟಾರನ್ನು ನಮ್ಮ ಕಚೇರಿಯ ಮೇಜಿನ ಮೇಲೆ ಬಿಚ್ಚಿಕೊಂಡು ಕುಳಿತಿದ್ದ. ಹಿರಿಯರು ಗೇಜನ್ನು ಅವನ ಕೈಗೇ ಕೊಟ್ಟು ಪಕ್ಕದಲ್ಲಿ ಪತ್ರಿಕೆ ಓದುತ್ತಿದ್ದರು. ಭಾನುವಾರ ಸಂಜೆ ಐದರ ಮೇಲೆ ಆ ಮೇಜು ಖಾಲಿ ಇರುತ್ತದೆ. ಗಿಟಾರೇ ಆಗಬೇಕೆಂದಿಲ್ಲ, ಅಂಗಡಿಯವರು ಬಿಸಾಡಲು ಹೇಳಿದ್ದು ಏನೇ ಇದ್ದರೂ ತನ್ನಿ.