ಕಾಲಡಿಯ ಕಲ್ಲನ್ನು ಓದುವವರು ಬೇಕು

2024ರ ಮಾರ್ಚ್ ತಿಂಗಳ ಒಂದು ಭಾನುವಾರ ವೈಟ್‌ಫೀಲ್ಡ್‌ನಲ್ಲಿರುವ ನನ್ನ ತಮ್ಮನ ಮನೆಗೆ ಹೋಗಿದ್ದೆ. ಬೆಂಗಳೂರು ನೀರಿಗಾಗಿ ಬಾಯಿ ಬಿಡುತ್ತಿದ್ದ ದಿನಗಳವು. ನಗರದ ಸಾರ್ವಜನಿಕ ಕೊಳವೆಬಾವಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಬತ್ತಿವೆಯೆಂದು ಸರ್ಕಾರವೇ ಹೇಳಿತ್ತು. ತಮ್ಮನ ಅಪಾರ್ಟ್‌ಮೆಂಟಿನ ಸಂಪಿಗೆ ಟ್ಯಾಂಕರ್ ನೀರು ಸುರಿಯುತ್ತಿತ್ತು. ಆದರೆ ಆತನ ಚಿಂತೆಯೇ ಬೇರೆ. ಬಿ.ಎಸ್ಸಿ. ಮುಗಿಸಲಿದ್ದ ಮಗಳು ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡುವುದಾಗಿ ಪಟ್ಟು ಹಿಡಿದಿದ್ದಳು. ‘ನೀನಾದರೂ ಬುದ್ಧಿ ಹೇಳಣ್ಣ. ಮನೆಯ ಸುತ್ತ ಇಷ್ಟೊಂದು ಕಂಪನಿಗಳಿರುವಾಗ ಇವಳು ಕಲ್ಲು ಓದುತ್ತಾಳಂತೆ’ ಎಂದ.

ನಾನು ಬುದ್ಧಿ ಹೇಳಲು ಸಿದ್ಧನಾಗಿಯೇ ಹೋಗಿದ್ದೆ. ಆಕೆ ಕೇಳಿದ್ದು ಒಂದೇ ಪ್ರಶ್ನೆ: ‘ದೊಡ್ಡಪ್ಪ, ನಮ್ಮ ಬೋರ್‌ವೆಲ್ 1,300 ಅಡಿ ಇದೆ. ಪಕ್ಕದ ಕಟ್ಟಡದ್ದು 400 ಅಡಿ. ಅದರಲ್ಲಿ ನೀರಿದೆ, ನಮ್ಮದರಲ್ಲಿಲ್ಲ. ಯಾಕೆ ಅಂತ ಇಲ್ಲಿ ಯಾರಾದರೂ ಹೇಳ್ತಾರಾ?’ ಅರ್ಥಶಾಸ್ತ್ರದ ಸ್ನಾತಕೋತ್ತರ ಪದವಿ, ಮೂವತ್ತಕ್ಕೂ ಹೆಚ್ಚು ವರ್ಷಗಳ ಸರ್ಕಾರಿ ಸೇವೆ ಇವೆರಡೂ ಇದ್ದ ನನ್ನ ಬಳಿ ಉತ್ತರವಿರಲಿಲ್ಲ.

ಉತ್ತರ ಇರುವುದು ನೆಲದೊಳಗೆ. ಲಾಲ್‌ಬಾಗ್‌ನ ಬಂಡೆಯನ್ನು ನೋಡದ ಬೆಂಗಳೂರಿಗರು ವಿರಳ. ಸುಮಾರು 300 ಕೋಟಿ ವರ್ಷ ಹಳೆಯದಾದ ಈ ಶಿಲೆಗೆ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಡಬ್ಲ್ಯು.ಎಫ್. ಸ್ಮೀತ್ 1916ರಲ್ಲಿ ‘ಪೆನಿನ್ಸುಲರ್ ನೈಸ್’ ಎಂದು ಹೆಸರಿಟ್ಟರು. ಪೀಣ್ಯದಿಂದ ಎಲೆಕ್ಟ್ರಾನಿಕ್ ಸಿಟಿಯವರೆಗೆ ನಗರದ ಬುಡದಲ್ಲಿ ಬಹುಮಟ್ಟಿಗೆ ಇದೇ ಬಗೆಯ ಗಟ್ಟಿ ಶಿಲೆಯಿದೆ. ಇದರ ಮೈಯಲ್ಲಿ ನೀರು ಹಿಡಿಯುವಷ್ಟು ರಂಧ್ರಗಳಿಲ್ಲ. ನೀರು ನಿಲ್ಲುವುದು ಮೇಲಿನ ಶಿಥಿಲಗೊಂಡ ಭಾಗದಲ್ಲಿ ಮತ್ತು ಅದರ ಕೆಳಗೆ ಬಂಡೆ ಬಿರುಕು ಬಿಟ್ಟ ಕಡೆಗಳಲ್ಲಿ. ಆ ಬಿರುಕುಗಳು ಯಾವ ದಿಕ್ಕಿಗೆ ಸಾಗುತ್ತವೆ, ಎಷ್ಟು ಓರೆಯಾಗಿ ಇಳಿಯುತ್ತವೆ, ಒಂದನ್ನೊಂದು ಎಲ್ಲಿ ಸಂಧಿಸುತ್ತವೆ ಎಂಬುದನ್ನು ಅಳೆದು, ಅವನ್ನು ಉಂಟುಮಾಡಿದ ಒತ್ತಡಗಳನ್ನು ಗುರುತಿಸುವ ಶಾಸ್ತ್ರವೇ ರಚನಾ ಭೂವಿಜ್ಞಾನ. ಪಕ್ಕದ 400 ಅಡಿಯ ಬಾವಿ ಬಿರುಕಿಗೆ ತಾಗಿರಬಹುದು. 1,300 ಅಡಿಯದು ಅದನ್ನು ತಪ್ಪಿಸಿ ಅಖಂಡ ಬಂಡೆಯಲ್ಲಿ ಇಳಿದಿರಬಹುದು. ಆಳ ಹೆಚ್ಚಿದಂತೆ ಬಿರುಕುಗಳು ಸಾಮಾನ್ಯವಾಗಿ ಕಡಿಮೆಯಾಗುತ್ತವೆ. ಹೀಗಿರುವಾಗ ಇನ್ನೂ ಆಳಕ್ಕೆ ಕೊರೆಸುವುದು ಅನೇಕ ವೇಳೆ ಬಂಡೆಯೊಳಗೆ ಹಣ ಸುರಿದಂತೆ.

ಪೀಣ್ಯದಲ್ಲಿ ಇದೇ ಶಾಸ್ತ್ರದ ಅಗತ್ಯ ಇನ್ನೊಂದು ರೂಪದಲ್ಲಿದೆ. ಅಲ್ಲಿಯ ಅಂತರ್ಜಲಕ್ಕೆ ಕ್ರೋಮಿಯಂ ಸೇರಿರುವುದು ಅಧಿಕೃತ ವರದಿಗಳಲ್ಲೇ ದಾಖಲಾಗಿದೆ. ನೆಲಕ್ಕೆ ಬಿಟ್ಟ ವಿಷ ಸರ್ವೆ ನಂಬರಿನ ಗಡಿ ನೋಡಿ ನಿಲ್ಲುವುದಿಲ್ಲ. ಬಿರುಕು ತೋರಿದ ದಾರಿಯಲ್ಲಿ ಹರಿಯುತ್ತದೆ. ಆ ದಾರಿಯ ನಕ್ಷೆಯಿಲ್ಲದೆ ನೋಟಿಸು ಹೊರಡಿಸಿದ ಮಾತ್ರಕ್ಕೆ ಬಾವಿಗಳು ಶುದ್ಧವಾಗಲಾರವು.

ಸರಿ, ಬೆಂಗಳೂರಿನ ಬುಡದಲ್ಲಿ ಕಾಣದ ಪದರುಶಿಲೆಗಳನ್ನು ಇಲ್ಲಿಯ ವಿದ್ಯಾರ್ಥಿ ಏಕೆ ಓದಬೇಕು? ಎಂ.ಎಸ್ಸಿ. ಸೇರಿದ ಮೇಲೆ ಕ್ಷೇತ್ರಾಧ್ಯಯನಕ್ಕೆಂದು ಬಾದಾಮಿಗೆ ಹೋಗಿ ಬಂದ ಹುಡುಗಿಯನ್ನು ಹೀಗೆ ಕೇಳಿದೆ. ಚಾಲುಕ್ಯರು ಗುಹಾಲಯ ಕೊರೆಸಿದ ಆ ಮರಳುಗಲ್ಲಿನಲ್ಲಿ ಓರೆ ಪದರುಗಳಿವೆ. ಅವುಗಳ ಇಳಿಜಾರನ್ನು ಅಳೆದು, ಮರಳನ್ನು ಹೊತ್ತು ತಂದ ಪ್ರಾಚೀನ ಪ್ರವಾಹ ಎತ್ತ ಹರಿಯುತ್ತಿತ್ತೆಂದು ಹೇಳಬಹುದಂತೆ. ಕಲಬುರಗಿ ಜಿಲ್ಲೆಯ ಸೇಡಂ, ವಾಡಿಗಳ ಸಿಮೆಂಟ್ ಕಾರ್ಖಾನೆಗಳಿಗೆ ಭೀಮಾ ಕೊಳ್ಳದ ಸುಣ್ಣಕಲ್ಲೇ ಆಧಾರ. ನಮ್ಮ ಹಳೆಯ ಮನೆಗಳ ನೆಲಕ್ಕೆ ಹಾಸಿದ ಶಹಾಬಾದ್ ಕಲ್ಲೂ ಅಲ್ಲಿಯದೇ. ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ಯುರೇನಿಯಂ ಪತ್ತೆಯಾದದ್ದು ಆ ಕೊಳ್ಳದ ಶಿಲೆಗಳನ್ನು ಸೀಳಿದ ಸ್ತರಭಂಗದ ಗುಂಟ. ಪದರನ್ನೂ ಬಿರುಕನ್ನೂ ಒಟ್ಟಿಗೆ ಓದಿದವರಿಗಷ್ಟೇ ಇಂಥವು ಕಣ್ಣಿಗೆ ಬೀಳುತ್ತವೆ. ಕಲಬುರಗಿಗೂ ಬೆಂಗಳೂರಿಗೂ ಒಂದೇ ಅಂತರ್ಜಲ ನೀತಿ ಏಕೆ ಹೊಂದದೆಂಬುದೂ ಅವರಿಗೆ ತಿಳಿಯುತ್ತದೆ.

ನನ್ನ ತಪ್ಪನ್ನೂ ಇಲ್ಲಿ ಹೇಳಿಕೊಳ್ಳಬೇಕು. 2003ರ ಬರಗಾಲದಲ್ಲಿ ನಾನು ಬಯಲುಸೀಮೆಯ ಒಂದು ಜಿಲ್ಲೆಯಲ್ಲಿದ್ದೆ. ಕೊಳವೆಬಾವಿ ಕೊರೆಸುವ ಕಡತಗಳಿಗೆ ದಿನವೂ ಸಹಿ ಹಾಕುತ್ತಿದ್ದೆ. ಒಂದು ಹಳ್ಳಿಯ ಕಡತದಲ್ಲಿ, ಇಲ್ಲಿ ಕೊರೆಯುವುದು ವ್ಯರ್ಥ, ಕೆರೆಯ ಹೂಳು ತೆಗೆಸುವುದು ಲೇಸು ಎಂದು ಭೂವಿಜ್ಞಾನಿ ಸ್ಪಷ್ಟವಾಗಿ ಬರೆದಿದ್ದರು. ಊರಿನವರ ಒತ್ತಾಯಕ್ಕೂ ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಜಲ ತೋರಿಸಿದವನ ಮಾತಿಗೂ ಮಣಿದು ಮೂರು ಕಡೆ ಕೊರೆಸಿದೆ. ಮೂರರಲ್ಲೂ ಬಂದದ್ದು ಬರಿಯ ಕಲ್ಲಿನ ಪುಡಿ. ಆ ವರದಿ ಬರೆದ ಯುವಕನನ್ನು ಕರೆದು ಒಂದು ಮಾತು ಕೇಳಲಿಲ್ಲವಲ್ಲ ಎಂಬ ಕೊರಗು ಇಂದಿಗೂ ಉಳಿದಿದೆ.

ಅರ್ಥಶಾಸ್ತ್ರದ ಪರಿಭಾಷೆಯಲ್ಲಿ ಆ ಯುವಕನ ಜ್ಞಾನ ಸಾರ್ವಜನಿಕ ಸರಕು. ತಂತ್ರಾಂಶ ಬರೆಯುವವರ ಕೆಲಸದ ಲಾಭ ಕಂಪನಿಗೆ ಸೇರುತ್ತದೆ, ಆದ್ದರಿಂದ ಕಂಪನಿ ಸಂಬಳ ಕೊಡುತ್ತದೆ. ‘ಇಲ್ಲಿ ಕೊರೆಯಬೇಡಿ’ ಎನ್ನುವ ವರದಿಯಿಂದ ಉಳಿಯುವ ಹಣವಾಗಲಿ ನೀರಾಗಲಿ ಸಾವಿರಾರು ಜನರಿಗೆ ಹಂಚಿಹೋಗುತ್ತದೆ. ಅದಕ್ಕೆ ಬೆಲೆ ತೆರುವ ಗಿರಾಕಿ ಇಲ್ಲ. ಕೊರೆಯುವ ಯಂತ್ರದವರಿಗಾದರೋ ಅಡಿಗಿಷ್ಟು ಎಂಬ ಲೆಕ್ಕ. ಆಳ ಹೆಚ್ಚಿದಷ್ಟೂ ಗಳಿಕೆ. ಇಂಥ ಕ್ಷೇತ್ರದಲ್ಲಿ ಮಾರುಕಟ್ಟೆ ಸೋಲುತ್ತದೆ. ಸರ್ಕಾರವೇ ಮೊದಲ ಗಿರಾಕಿಯಾಗಿ ನಿಲ್ಲಬೇಕಾಗುತ್ತದೆ.

ಮೈಸೂರು ಸಂಸ್ಥಾನ ಇದನ್ನು ಅರಿತಿತ್ತು. 1894ರಲ್ಲೇ ಅದು ತನ್ನದೇ ಭೂವಿಜ್ಞಾನ ಇಲಾಖೆಯನ್ನು ಸ್ಥಾಪಿಸಿತು. ಆ ಪರಂಪರೆಯಲ್ಲಿ ಬಂದ ಬಿ.ಪಿ. ರಾಧಾಕೃಷ್ಣ ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ನಿರ್ದೇಶಕರಾಗಿದ್ದರು. 1958ರಲ್ಲಿ ಭಾರತೀಯ ಭೂವೈಜ್ಞಾನಿಕ ಸಂಘವನ್ನು ಕಟ್ಟಿ ಬೆಳೆಸಿದವರಲ್ಲಿ ಅವರು ಪ್ರಮುಖರು. ಆಡಳಿತ ಮತ್ತು ವಿದ್ವತ್ತು ಒಂದೇ ಮೇಜಿನ ಬಳಿ ಕುಳಿತು ಮಾತನಾಡಿದ ಕಾಲವದು.

2024ರ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ ದಿನಕ್ಕೆ 77.5 ಕೋಟಿ ಲೀಟರ್ ನೀರು ತರುವ ಯೋಜನೆಯಿದು. ಇನ್ನು ಅಂತರ್ಜಲದ ಗೊಡವೆ ಬೇಡವೆಂದು ಭಾವಿಸಿದರೆ ಪ್ರಮಾದವಾದೀತು. ಮಳೆ ಕೈಕೊಟ್ಟ ವರ್ಷ ನಾವು ಮತ್ತೆ ನೋಡುವುದು ನೆಲವನ್ನೇ. ದೊಡ್ಡ ವೆಚ್ಚವಿಲ್ಲದೆ ಮಾಡಬಹುದಾದ ಮೂರು ಕೆಲಸಗಳಿವೆ. 2011ರ ಅಂತರ್ಜಲ ಕಾಯ್ದೆಯಡಿ ಅನುಮತಿ ಪಡೆದು ಕೊರೆಸುವ ಪ್ರತಿ ಬಾವಿಯಲ್ಲೂ ಎಷ್ಟು ಅಡಿಗೆ ಯಾವ ಶಿಲೆ, ಎಲ್ಲಿ ಬಿರುಕು, ಎಲ್ಲಿ ನೀರು ಸಿಕ್ಕಿತೆಂಬ ದಾಖಲೆಯನ್ನು ಸಲ್ಲಿಸಿಕೊಂಡು ಸಾರ್ವಜನಿಕರಿಗೆ ತೆರೆದಿಡಬೇಕು. ವಿಶ್ವವಿದ್ಯಾಲಯಗಳ ಭೂವಿಜ್ಞಾನ ವಿಭಾಗಗಳಿಗೆ ವೈಟ್‌ಫೀಲ್ಡ್, ಪೀಣ್ಯ, ಎಲೆಕ್ಟ್ರಾನಿಕ್ ಸಿಟಿಗಳ ಬಿರುಕು ನಕ್ಷೆ ತಯಾರಿಸುವ ಕೆಲಸವನ್ನು ಸಂಭಾವನೆ ಕೊಟ್ಟು ಒಪ್ಪಿಸಬೇಕು. ಭೂವಿಜ್ಞಾನಿಯ ಅಭಿಪ್ರಾಯವನ್ನು ತಳ್ಳಿಹಾಕುವ ಅಧಿಕಾರಿ ಅದಕ್ಕೆ ಕಾರಣವನ್ನು ಕಡತದಲ್ಲಿ ಬರೆಯಬೇಕು. ಈ ಮೂರನೆಯ ನಿಯಮ 2003ರಲ್ಲಿ ಇದ್ದಿದ್ದರೆ ನನ್ನ ಲೇಖನಿ ತಡವರಿಸುತ್ತಿತ್ತು.

ತಮ್ಮ ಈಗಲೂ ಫೋನಿನಲ್ಲಿ, ‘ಅಣ್ಣ, ಇವಳಿಗೆ ಕೆಲಸ ಸಿಗುತ್ತದೆಯೇ?’ ಎಂದು ಕೇಳುತ್ತಾನೆ. ಯುಪಿಎಸ್‌ಸಿಯ ಭೂವಿಜ್ಞಾನಿ ಪರೀಕ್ಷೆಯಿದೆ ಎಂದು ಸಮಾಧಾನ ಹೇಳುತ್ತೇನೆ. ಆದರೆ ಅವನ ಅಪಾರ್ಟ್‌ಮೆಂಟಿನ ಸಂಘ ಮತ್ತೊಂದು ಬಾವಿ ಕೊರೆಸಲು ಹಣ ಕೂಡಿಸುತ್ತಿದೆ. ಜಾಗ ತೋರಿಸಲು ಯಾರನ್ನು ಕರೆದಿದ್ದೀರಿ ಎಂದು ಕೇಳಿದರೆ ಅವನಲ್ಲಿ ಉತ್ತರವಿಲ್ಲ. ಕಲ್ಲನ್ನು ಓದಿದ ಮಗಳು ಮನೆಯಲ್ಲೇ ಇದ್ದಾಳೆ.